ಈ ಜೀವಕೋಶ ಯಾವ ಮನೆಯದು?

ಬಯಾಪ್ಸಿ ರಿಪೋರ್ಟಿನ ಕೊನೆಗೆ ‘ಐಎಚ್‌ಸಿ ಮಾಡಿಸುವುದು’ ಎಂಬ ಒಂದು ಸಾಲು ಇದ್ದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಗಂಟಿನ ತುಂಡು ತೆಗೆದದ್ದಾಯಿತು, ದುಡ್ಡು ಕಟ್ಟಿದ್ದಾಯಿತು, ಎಂಟು ದಿನ ಕಾದದ್ದೂ ಆಯಿತು. ಇನ್ನು ಈ ಹೊಸ ಟೆಸ್ಟ್ ಯಾಕೆ? ರೋಗ ಅಷ್ಟು ಕೆಟ್ಟದ್ದೇ? ಅಥವಾ ದುಡ್ಡು ಕೀಳಲು ಇದೂ ಒಂದು ದಾರಿಯೇ? ಊರ ಕಡೆಯಿಂದ, ಇಲ್ಲಿಯ ಕನ್ನಡ ಗೆಳೆಯರಿಂದ, ಗೆಳೆಯರ ಗೆಳೆಯರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಈ ಪ್ರಶ್ನೆಯವು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧಮರ್ಧ ಹೇಳುವ ಬದಲು ಒಮ್ಮೆ ಪೂರ್ತಿಯಾಗಿ ಬರೆದುಬಿಡೋಣ ಅನ್ನಿಸಿತು.

ನಾನು ವೈದ್ಯನಲ್ಲ. ನವಿಮುಂಬಯಿಯ ಖಾಸಗಿ ಪ್ರಯೋಗಾಲಯವೊಂದರ ಹಿಸ್ಟೊಪೆಥಾಲಜಿ ವಿಭಾಗದಲ್ಲಿ ಟೆಕ್ನಿಷಿಯನ್. ದೇಹದಿಂದ ತೆಗೆದ ತುಂಡನ್ನು ಮೇಣದಲ್ಲಿ ಹೂತು, ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಪೆಥಾಲಜಿಸ್ಟರ ಮೇಜಿಗೆ ಕಳಿಸುವುದು ನನ್ನ ಕೆಲಸ. ರೋಗ ಯಾವುದೆಂದು ಹೇಳುವವರು ಅವರು. ಅವರ ಕಣ್ಣಿಗೆ ಅದು ಸರಿಯಾಗಿ ಕಾಣುವಂತೆ ಮಾಡಬೇಕಾದವರು ನಾವು. ಹಾಗಾಗಿ ಇಲ್ಲಿ ಬರೆದಿರುವುದು ಮೇಜಿನ ಈಚೆ ಬದಿಯ ಮಾತು.

ನಾನಿರುವುದು ಖಾರಘರದಲ್ಲಿ. ಸಿಡ್ಕೊ ಕಟ್ಟಿದ ಈ ಊರಿನ ಸೆಕ್ಟರ್ 22ರಲ್ಲಿ ಟಾಟಾ ಮೆಮೋರಿಯಲ್ ಸೆಂಟರಿನ ‘ಆ್ಯಕ್ಟ್ರೆಕ್’ ಸಂಸ್ಥೆ ಇದೆ. ಕ್ಯಾನ್ಸರ್ ಚಿಕಿತ್ಸೆ, ಸಂಶೋಧನೆ, ಶಿಕ್ಷಣ ಮೂರೂ ಒಂದೇ ಆವರಣದಲ್ಲಿ. ಕಲ್ಯಾಣದಲ್ಲಿ ಇಳಿದು ಶಿಳ್‌ಫಾಟಾ, ತಳೋಜಾ ದಾರಿಯಾಗಿ ಬರುವ ಕಲಬುರಗಿ, ವಿಜಯಪುರದ ಕಡೆಯವರು, ಪನವೇಲಿನಲ್ಲಿ ಇಳಿಯುವ ಕಾರವಾರ, ಉಡುಪಿ, ಮಂಗಳೂರಿನವರು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ರಿಕ್ಷಾದವನಿಗೆ ‘ಟಾಟಾ ಹಾಸ್ಪಿಟಲ್’ ಎನ್ನುವುದನ್ನು ಸ್ಟೇಷನ್ನಿನ ಹೊರಗೆ ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಫೈಲಿನಲ್ಲಿ ಏನಿರಬೇಕು ಎಂಬುದೇ ಈ ಲೇಖನದ ತಿರುಳು. ಅಲ್ಲಿಗೆ ಬರುವ ಮುಂಚೆ ಟೆಸ್ಟ್ ಯಾವುದು, ಅದು ಏನನ್ನು ಕೇಳುತ್ತದೆ ಎಂಬುದನ್ನು ನೋಡೋಣ.

ಮೈಯ ಹೊದಿಕೆ

ನಮ್ಮ ದೇಹದಲ್ಲಿ ಎಲ್ಲೆಲ್ಲಿ ಮೇಲ್ಮೈ ಇದೆಯೋ ಅಲ್ಲೆಲ್ಲ ಒಂದು ಹೊದಿಕೆಯಿದೆ. ಚರ್ಮ, ಬಾಯಿಯ ಒಳಗೋಡೆ, ಅನ್ನನಾಳ, ಕರುಳು, ಶ್ವಾಸನಾಳ, ಮೂತ್ರಕೋಶ, ಹಾಲಿನ ಗ್ರಂಥಿಯ ಕೊಳವೆಗಳು, ಎಲ್ಲದಕ್ಕೂ ಒತ್ತೊತ್ತಾಗಿ ಜೋಡಿಸಿಟ್ಟ ಕೋಶಗಳ ಪದರವುಂಟು. ಇದನ್ನು ಎಪಿಥೀಲಿಯಂ ಎನ್ನುತ್ತಾರೆ. ಹೊರಗಿನ ಹೊಗೆ, ತಂಬಾಕು, ಖಾರ, ಬಿಸಿಲು ಮೊದಲು ತಾಗುವುದು ಇದಕ್ಕೇ. ಸವೆದದ್ದನ್ನು ತುಂಬಲು ಇಲ್ಲಿಯ ಕೋಶಗಳು ದಿನವೂ ಒಡೆದು ಹೊಸದಾಗುತ್ತಲೇ ಇರುತ್ತವೆ. ದೊಡ್ಡವರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಈ ಹೊದಿಕೆಯಲ್ಲೇ. ಅವಕ್ಕೆ ‘ಕಾರ್ಸಿನೋಮಾ’ ಎಂದು ಹೆಸರು. ದುಗ್ಧ ಗ್ರಂಥಿಯ ಬಿಳಿ ರಕ್ತಕಣದಿಂದ ಹುಟ್ಟಿದ್ದು ‘ಲಿಂಫೋಮಾ’. ಮೂಳೆ, ಸ್ನಾಯು, ಕೊಬ್ಬಿನಿಂದ ಹುಟ್ಟಿದ್ದು ‘ಸಾರ್ಕೋಮಾ’. ಈ ಮೂರಕ್ಕೂ ಔಷಧ ಬೇರೆ, ದಾರಿ ಬೇರೆ.

ಹೊದಿಕೆಯ ಕೋಶಕ್ಕೆ ತನ್ನದೇ ಆದ ಒಂದು ಒಳಕಟ್ಟು ಇದೆ. ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು ಕೋಶದ ಒಳಗೆ ಬಲೆಯ ಹಾಗೆ ಹಬ್ಬಿರುತ್ತವೆ. ಉಗುರು, ಕೂದಲಿನ ಗಡಸುತನ ಕೂಡ ಕೆರಾಟಿನ್ ಬಳಗದ್ದೇ. 1982ರಲ್ಲಿ ಜರ್ಮನಿಯ ರೋಲಾಂಡ್ ಮೋಲ್, ವೆರ್ನರ್ ಫ್ರಾಂಕೆ ಮತ್ತು ಸಂಗಡಿಗರು ಮನುಷ್ಯನ ಹೊದಿಕೆ ಕೋಶಗಳ 19 ಕೆರಾಟಿನ್‌ಗಳಿಗೆ ನಂಬರು ಕೊಟ್ಟು ಪಟ್ಟಿ ಮಾಡಿದರು. ಈಗ ಕೂದಲಿನವನ್ನೂ ಸೇರಿಸಿ 54 ಕೆರಾಟಿನ್ ಜೀನುಗಳು ಗೊತ್ತಾಗಿವೆ. ಇವು ಒಂಟಿಯಾಗಿ ಎಳೆ ಕಟ್ಟುವುದಿಲ್ಲ, ಜೋಡಿಯಾಗಿಯೇ ಕಟ್ಟುತ್ತವೆ. ಚರ್ಮದ ಮತ್ತು ಬಾಯಿಯ ತಳಪದರದಲ್ಲಿ ಕೆ5 ಮತ್ತು ಕೆ14. ಚರ್ಮದ ಮೇಲ್ಪದರದಲ್ಲಿ ಕೆ1 ಮತ್ತು ಕೆ10. ಕೆನ್ನೆಯ ಒಳಬದಿಯ ಮೇಲ್ಪದರದಲ್ಲಿ ಕೆ4 ಮತ್ತು ಕೆ13. ಕರುಳು, ಯಕೃತ್ತು, ಗ್ರಂಥಿಗಳ ಒಂಟಿ ಪದರದಲ್ಲಿ ಕೆ8 ಮತ್ತು ಕೆ18. ಈ ಎಳೆಗಳು ಬರಿಯ ಅಲಂಕಾರಕ್ಕಲ್ಲ. ಹುಟ್ಟಿನಿಂದಲೇ ಕೆ5 ಅಥವಾ ಕೆ14 ಕೆಟ್ಟಿರುವ ಮಕ್ಕಳಿಗೆ ಬಟ್ಟೆ ಉಜ್ಜಿದರೂ ಚರ್ಮದಲ್ಲಿ ನೀರುಗುಳ್ಳೆ ಏಳುತ್ತದೆ.

ನಮಗೆ ಮುಖ್ಯವಾದ ಸಂಗತಿ ಮುಂದಿನದು. ಹೊದಿಕೆಯ ಕೋಶ ಕ್ಯಾನ್ಸರ್ ಆಗಿ, ಮನೆ ಬಿಟ್ಟು, ಕುತ್ತಿಗೆಯ ಗ್ರಂಥಿಗೋ ಶ್ವಾಸಕೋಶಕ್ಕೋ ಹೋಗಿ ನೆಲೆಸಿದರೂ ಕೆರಾಟಿನ್ ಕಟ್ಟುವ ಅಭ್ಯಾಸವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಖಾರಘರದ ತರಕಾರಿ ಮಾರ್ಕೆಟ್ಟಿನಲ್ಲಿ ಅಷ್ಟು ಹೊತ್ತೂ ಚಂದದ ಮರಾಠಿಯಲ್ಲಿ ಚೌಕಾಶಿ ಮಾಡುತ್ತಿದ್ದವರು ಫೋನ್ ಬಂದ ತಕ್ಷಣ ‘ಹಾಂ, ಹೇಳವ್ವಾ’ ಎಂದರೆ ಯಾವ ಸೀಮೆಯವರೆಂದು ನಮಗೆ ತಿಳಿದುಬಿಡುತ್ತದಲ್ಲ, ಹಾಗೆ. ಕ್ಯಾನ್ಸರ್ ಕೋಶಕ್ಕೆ ನಮ್ಮನ್ನು ಹೋಲಿಸಿದನೆಂದು ಬೇಸರಪಡಬೇಡಿ. ಹೋಲಿಕೆ ಗುರುತಿನ ಮಟ್ಟಿಗೆ ಮಾತ್ರ. ಗುರುತು ಸಿಗುವುದು ಮಾತಿನಿಂದ. ಕೋಶಕ್ಕೆ ಮಾತು ಬರುವುದಿಲ್ಲ, ಆದ್ದರಿಂದ ಅದರ ಕೆರಾಟಿನ್ನನ್ನು ಹುಡುಕಬೇಕು.

ಹುಡುಕುವ ಕೈ

ಹುಡುಕಲು ಬಳಸುವುದು ಪ್ರತಿಕಾಯ. ರೋಗಾಣು ಒಳಗೆ ಬಂದಾಗ ನಮ್ಮ ದೇಹ ಮಾಡಿಕೊಳ್ಳುವ ಪ್ರೋಟೀನು ಇದು. ಅದರ ಗುಣವೆಂದರೆ ತನ್ನ ಗುರಿಯ ಆಕಾರವನ್ನು ಗುರುತಿಸಿ ಅದಕ್ಕೆ ಮಾತ್ರ ಅಂಟಿಕೊಳ್ಳುವುದು. ಆದರೆ ಪ್ರತಿಕಾಯ ಎಲ್ಲಿ ಅಂಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡಿದವರು ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು. 1941ರಲ್ಲಿ ಅವರು ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯಕ್ಕೆ ಹೊಳೆಯುವ ರಾಸಾಯನಿಕವೊಂದನ್ನು ಕಟ್ಟಿ, ಅದು ಎಲ್ಲಿ ಅಂಟಿತೆಂದು ಬೆಳಕಿನಲ್ಲಿ ತೋರಿಸಿದರು. 1960ರ ದಶಕದಲ್ಲಿ ಪಾಲ್ ನಕಾನೆ ಮತ್ತು ಬ್ಯಾರಿ ಪಿಯರ್ಸ್ ಹೊಳಪಿನ ಬದಲು ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿದರು. ಆಮೇಲೆ ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ನೋಡಲು ಸಾಧ್ಯವಾಯಿತು.

ಆಗ ಪ್ರತಿಕಾಯಗಳನ್ನು ಪ್ರಾಣಿಗಳ ರಕ್ತದಿಂದ ತೆಗೆಯುತ್ತಿದ್ದರು. ಒಂದು ಮೊಲದ್ದು ಇನ್ನೊಂದರ ಹಾಗಿರುತ್ತಿರಲಿಲ್ಲ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಗೇಯೋರ್ಗ್ ಕೋಲರ್ ಮತ್ತು ಸೇಸರ್ ಮಿಲ್‌ಸ್ಟೀನ್ ಇಲಿಯ ಪ್ರತಿಕಾಯ ಮಾಡುವ ಕೋಶವನ್ನು ಸಾಯದ ಕ್ಯಾನ್ಸರ್ ಕೋಶದ ಜೊತೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಪಡೆಯುವ ದಾರಿ ಕಂಡುಹಿಡಿದರು. 1984ರಲ್ಲಿ ಅವರಿಬ್ಬರಿಗೂ ನೀಲ್ಸ್ ಯೆರ್ನೆಗೂ ಸೇರಿ ನೊಬೆಲ್ ಬಂತು. ಇಂದು ನಮ್ಮ ಫ್ರಿಜ್ಜಿನಲ್ಲಿ ಸಾಲಾಗಿ ನಿಂತಿರುವ ಪುಟ್ಟ ಬಾಟಲಿಗಳಲ್ಲಿ ಎಷ್ಟೋ ಆ ದಾರಿಯವೇ.

ಕೂನ್ಸ್ ಆ ಪ್ರಯೋಗ ಪ್ರಕಟಿಸಿದ 1941ರಲ್ಲೇ, ಫೆಬ್ರವರಿ 28ರಂದು, ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆಯಿತು. ಅದರ ಪ್ರಯೋಗಾಲಯಗಳನ್ನು ಕಟ್ಟಿದ ಪೆಥಾಲಜಿಸ್ಟ್ ವಸಂತ ರಾಮ್‌ಜಿ ಖಾನೋಲ್ಕರ್. ಮುಂಬಯಿಯ ಒಂದು ಸಾವಿರ ಬಾಯಿ ಕ್ಯಾನ್ಸರ್ ರೋಗಿಗಳ ವಿವರವನ್ನು ಅವರು 1944ರಲ್ಲೇ ಪ್ರಕಟಿಸಿದರು. 1952ರಲ್ಲಿ ಅವರ ಮುಂದಾಳುತನದಲ್ಲಿ ಪರೇಲಿನಲ್ಲೇ ಕ್ಯಾನ್ಸರ್ ಸಂಶೋಧನಾ ಕೇಂದ್ರ ಶುರುವಾಯಿತು. 1966ರಲ್ಲಿ ಆಸ್ಪತ್ರೆ, ಸಂಶೋಧನಾ ಸಂಸ್ಥೆ ಎರಡೂ ಸೇರಿ ಟಾಟಾ ಮೆಮೋರಿಯಲ್ ಸೆಂಟರ್ ಆದವು. ಆ ಸಂಶೋಧನಾ ಸಂಸ್ಥೆಯೇ 2002ರಲ್ಲಿ ಖಾರಘರಕ್ಕೆ ಬಂದು ಆ್ಯಕ್ಟ್ರೆಕ್ ಆಯಿತು.

ಪ್ರೆಶರ್ ಕುಕ್ಕರಿನ ಕೆಲಸ

ಈಗ ನಮ್ಮ ಲ್ಯಾಬಿನೊಳಗೆ ಬನ್ನಿ. ತುಂಡು ತೆಗೆದ ಕೂಡಲೇ ಅದನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಕೊಳೆಯದಂತೆ ಇದ್ದಲ್ಲಿಯೇ ನಿಲ್ಲಿಸುತ್ತದೆ. ನಂತರ ನೀರು ತೆಗೆದು ಕರಗಿದ ಮೇಣ ತುಂಬಿದರೆ ಒಂದು ಗಟ್ಟಿ ಬಿಲ್ಲೆ ಸಿಗುತ್ತದೆ. ಇದೇ ‘ಬ್ಲಾಕ್’. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತಿರುವ ಬಿಳಿ ಮೇಣ, ಅದರ ನಡುವೆ ಕಂದುಮಾಸಲು ಚುಕ್ಕೆಯಂಥ ತುಂಡು. ಅದರಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಹಾಳೆ ಕತ್ತರಿಸುತ್ತೇವೆ. ಅಂಥ ಹಾಳೆಗಳನ್ನು ಹತ್ತರ ಮೇಲೆ ಜೋಡಿಸಿದರೂ ತಲೆಗೂದಲಿನ ದಪ್ಪಕ್ಕೆ ಬರಲಾರದು.

ಫಾರ್ಮಲಿನ್ ಮಾಡುವ ಹೆಣಿಗೆ ಒಳ್ಳೆಯದೇ, ಆದರೆ ಅದರಲ್ಲಿ ಪ್ರತಿಕಾಯ ಗುರುತಿಸಬೇಕಾದ ಜಾಗವೂ ಮುಚ್ಚಿಹೋಗುತ್ತದೆ. ಬಹಳ ಕಾಲ ಇದೊಂದು ತಲೆನೋವಾಗಿತ್ತು. 1991ರಲ್ಲಿ ಶಾನ್‌ರಾಂಗ್ ಶಿ ಮತ್ತು ಸಂಗಡಿಗರು ಗಾಜಿನ ಮೇಲಿನ ಹಾಳೆಯನ್ನು ದ್ರಾವಣದಲ್ಲಿಟ್ಟು ಮೈಕ್ರೊವೇವ್‌ನಲ್ಲಿ ಕುದಿಸಿದರೆ ಮುಚ್ಚಿದ ಜಾಗ ಮತ್ತೆ ತೆರೆಯುತ್ತದೆ ಎಂದು ತೋರಿಸಿದರು. ನಮ್ಮ ಕಡೆಯ ಎಷ್ಟೋ ಲ್ಯಾಬುಗಳಲ್ಲಿ ಈ ಕೆಲಸಕ್ಕೆ ಅಡುಗೆಮನೆಯ ಪ್ರೆಶರ್ ಕುಕ್ಕರೇ ಆಯಿತು. ಸಿಟ್ರೇಟ್ ದ್ರಾವಣದಲ್ಲಿ ಸ್ಲೈಡುಗಳನ್ನು ಮುಳುಗಿಸಿ, ಮುಚ್ಚಳ ಹಾಕಿ, ಸೀಟಿ ಎಣಿಸುತ್ತ ನಿಲ್ಲುವುದು. ಅನ್ನಕ್ಕೆ ಎಷ್ಟು ಸೀಟಿ ಎಂದು ಗೊತ್ತಿಲ್ಲದ ಹುಡುಗರಿಗೂ ಕೆರಾಟಿನ್ನಿಗೆ ಎಷ್ಟು ಎಂದು ಗೊತ್ತಿರುತ್ತದೆ. ಈಗ ಯಂತ್ರಗಳು ಬಂದಿವೆ, ತತ್ವ ಅದೇ.

ಮುಂದಿನದು ಹೀಗೆ. ರಕ್ತಕಣಗಳಲ್ಲಿ ಮೊದಲೇ ಇರುವ ಪೆರಾಕ್ಸಿಡೇಸನ್ನು ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ಸುಮ್ಮನಾಗಿಸಬೇಕು. ಇಲ್ಲವಾದರೆ ಅದೂ ಬಣ್ಣ ಕೊಟ್ಟು ದಾರಿ ತಪ್ಪಿಸುತ್ತದೆ. ಬಳಿಕ ಕೆರಾಟಿನ್ ವಿರುದ್ಧದ ಇಲಿಯ ಪ್ರತಿಕಾಯದ ಒಂದೆರಡು ಹನಿ. ತೊಳೆದ ಮೇಲೆ ಇಲಿಯ ಪ್ರತಿಕಾಯವನ್ನೇ ಹಿಡಿಯುವ ಎರಡನೆಯ ಪ್ರತಿಕಾಯ, ಅದರ ಬೆನ್ನಿಗೆ ಕಿಣ್ವ. ಮತ್ತೆ ತೊಳೆದು ‘ಡಿಎಬಿ’ ಎಂಬ ರಾಸಾಯನಿಕ ಹಾಕಿದರೆ ಕಿಣ್ವವಿರುವ ಕಡೆ ಮಾತ್ರ ಕಂದು ಬಣ್ಣ ಕೂರುತ್ತದೆ. ಕೊನೆಗೆ ಹೆಮಟಾಕ್ಸಿಲಿನ್. ಮರದ ತಿರುಳಿನಿಂದ ತೆಗೆಯುವ ಈ ಬಣ್ಣ ಎಲ್ಲ ಕೋಶಗಳ ನ್ಯೂಕ್ಲಿಯಸ್ಸನ್ನೂ ನೀಲಿ ಮಾಡುತ್ತದೆ. ನೀಲಿಯ ನಡುವೆ ಕಂದು ಎಲ್ಲಿದೆ, ಕೋಶದ ಯಾವ ಭಾಗದಲ್ಲಿದೆ ಎಂಬುದನ್ನು ಪೆಥಾಲಜಿಸ್ಟ್ ಓದುತ್ತಾರೆ. ಇದೇ ಇಮ್ಯುನೊ ಹಿಸ್ಟೊಕೆಮಿಸ್ಟ್ರಿ, ಚಿಕ್ಕದಾಗಿ ಐಎಚ್‌ಸಿ.

ಒಂದು ಕುತ್ತಿಗೆ ಗಂಟು

ಇಂಡಿ ತಾಲೂಕಿನ ಕಡೆಯ ಒಬ್ಬ ರೈತರ ಮಾತು ಹೇಳುತ್ತೇನೆ. ಹೆಸರು ಬೇಡ. ಕುತ್ತಿಗೆಯಲ್ಲಿ ಲಿಂಬೆ ಗಾತ್ರದ ಗಂಟು. ನೋವಿಲ್ಲ, ಜ್ವರವಿಲ್ಲ. ಮೊದಲು ಸೋಂಕಿನ ಮಾತ್ರೆ, ಆಮೇಲೆ ಕ್ಷಯವಿರಬಹುದೆಂಬ ಅನುಮಾನ, ಎರಡು ತಿಂಗಳಾದ ಮೇಲೆ ಬಯಾಪ್ಸಿ. ಕ್ಯಾನ್ಸರ್ ಎಂಬುದು ಖಾತ್ರಿ, ಆದರೆ ಕಾರ್ಸಿನೋಮಾವೋ ಲಿಂಫೋಮಾವೋ ಹೇಳಲಾಗದು, ಐಎಚ್‌ಸಿ ಬೇಕು ಎಂದು ರಿಪೋರ್ಟ್ ಬಂತು. ಕೋಶಗಳು ತೀರಾ ಕೆಟ್ಟು ತಮ್ಮ ರೂಪ ಕಳೆದುಕೊಂಡಾಗ ಮಾಮೂಲಿ ಬಣ್ಣದಲ್ಲಿ ಈ ಎರಡೂ ಒಂದೇ ಥರ ಕಾಣಬಹುದು. ದುಂಡಗಿನ ದೊಡ್ಡ ನೀಲಿ ಕೋಶಗಳ ರಾಶಿ, ಅಷ್ಟೆ.

‘ಏನ್ರೀ ಇದು, ಗಂಟು ಕೊಯ್ದಾರ, ಕ್ಯಾನ್ಸರ್ ಅಂದಾರ, ಮತ್ತ ಯಾವ ಕ್ಯಾನ್ಸರ್ ಅಂತ ಗೊತ್ತಿಲ್ಲ ಅಂತಾರ’ ಎಂದು ಅವರ ಅಣ್ಣನ ಮಗ ಫೋನಿನಲ್ಲಿ ಸಿಡಿಮಿಡಿಗೊಂಡ. ರಾತ್ರಿ ಗಾಡಿಗೆ ಹತ್ತಿ ಇಬ್ಬರೂ ಬಂದರು. ಫೈಲಿನಲ್ಲಿ ರಿಪೋರ್ಟ್ ಇತ್ತು, ಸ್ಕ್ಯಾನ್ ಇತ್ತು, ಬಿಲ್ಲುಗಳಿದ್ದವು, ಆಧಾರ್ ಕಾರ್ಡಿನ ಆರು ಜೆರಾಕ್ಸ್ ಇದ್ದವು. ಬ್ಲಾಕ್ ಇರಲಿಲ್ಲ. ಬಯಾಪ್ಸಿ ಮಾಡಿದ ಆಸ್ಪತ್ರೆಯಲ್ಲಿ ಅದನ್ನು ಒಯ್ಯಿರಿ ಎಂದು ಯಾರೂ ಹೇಳಿರಲಿಲ್ಲ. ಕೇಳಬೇಕೆಂದು ಇವರಿಗೆ ತಿಳಿಯುವುದಾದರೂ ಹೇಗೆ? ಇಲ್ಲಿಯ ವೈದ್ಯರು ಮೊದಲು ಕೇಳಿದ್ದೇ ಅದನ್ನು. ಹುಡುಗ ಮರಳಿ ಹೊರಟ. ಅಲ್ಲಿ ಒಂದು ದಿನ ಕಾದು, ಅರ್ಜಿ ಬರೆದುಕೊಟ್ಟು, ಹಳೆಯ ಕಪಾಟಿನಿಂದ ಹುಡುಕಿಸಿಕೊಂಡು ನಾಲ್ಕನೆಯ ದಿನ ಬಂದ. ಅಷ್ಟು ದಿನ ಚಿಕ್ಕಪ್ಪ ನಮ್ಮ ಸೊಸೈಟಿಯ ಒಬ್ಬ ಕನ್ನಡಿಗರ ಮನೆಯ ಹಾಲಿನಲ್ಲಿ ಮಲಗಿದ್ದರು. ಬಾಲ್ಕನಿಯಲ್ಲಿ ಕೂತು ಗುಡ್ಡ ನೋಡುತ್ತಿದ್ದರು, ಮಾತು ಕಡಿಮೆ.

ಆ ಬ್ಲಾಕ್ ನಮ್ಮ ಲ್ಯಾಬಿಗೇ ಬಂತು. ತುಂಡು ಅಕ್ಕಿಕಾಳಿಗಿಂತ ತುಸು ದೊಡ್ಡದು. ಪ್ರತಿ ಪ್ರತಿಕಾಯಕ್ಕೂ ಒಂದು ಹಾಳೆ ಬೇಕು. ಪ್ರತಿ ಸಲ ಬ್ಲಾಕನ್ನು ಯಂತ್ರಕ್ಕೆ ಕೂರಿಸಿ ಮಟ್ಟ ಮಾಡುವಾಗ ಒಂದಿಷ್ಟು ತುಂಡು ವ್ಯರ್ಥವಾಗಿ ಹೋಗುತ್ತದೆ. ಹಾಗಾಗಿ ಎಲ್ಲ ಪ್ರತಿಕಾಯಗಳನ್ನೂ ಹಾಕಿ ನೋಡೋಣ ಎನ್ನುವಂತಿಲ್ಲ. ಮೊದಲು ಯಾವುದು ಎಂದು ಪೆಥಾಲಜಿಸ್ಟರು ಲೆಕ್ಕ ಹಾಕಿದರು. ನಾನು ಒಂದೇ ಕೂರಿಸುವಿಕೆಯಲ್ಲಿ ಬೇಕಾದಷ್ಟು ಹಾಳೆ ಕತ್ತರಿಸಿ, ಎರಡು ಹೆಚ್ಚುವರಿಯಾಗಿ ಎತ್ತಿಟ್ಟೆ. ಮೊದಲ ಸುತ್ತಿಗೆ ಎರಡು ಪ್ರತಿಕಾಯ. ಬಿಳಿ ರಕ್ತಕಣಗಳ ಗುರುತಾದ ಸಿಡಿ45, ಮತ್ತು ಹೊದಿಕೆ ಕೋಶದ ಬಹುತೇಕ ಕೆರಾಟಿನ್‌ಗಳನ್ನು ಹಿಡಿಯುವ ಎಇ1/ಎಇ3 ಮಿಶ್ರಣ.

ಸಂಜೆಗೆ ಸ್ಲೈಡ್ ಸಿದ್ಧವಾದವು. ಸಿಡಿ45ರಲ್ಲಿ ಗ್ರಂಥಿಯ ಸಹಜ ಬಿಳಿ ಕಣಗಳು ಅಂಚಿನಲ್ಲಿ ಕಂದಾಗಿದ್ದವು, ನಡುವಿನ ದೊಡ್ಡ ಕೋಶಗಳು ನೀಲಿಯಾಗಿಯೇ ಉಳಿದಿದ್ದವು. ಎಇ1/ಎಇ3ರಲ್ಲಿ ಸರಿಯಾಗಿ ಇದರ ತಿರುವುಮುರುವು. ಆ ದೊಡ್ಡ ಕೋಶಗಳ ಗುಂಪುಗಳು ದಟ್ಟ ಕಂದು. ಅಲ್ಲಿಗೆ ಲಿಂಫೋಮಾ ಅಲ್ಲ, ಹೊದಿಕೆಯಿಂದ ಬಂದದ್ದು ಎಂದಾಯಿತು. ಎತ್ತಿಟ್ಟ ಹಾಳೆಗಳಲ್ಲಿ ಒಂದಕ್ಕೆ ಪಿ40 ಹಾಕಿದರು. ಅದು ನ್ಯೂಕ್ಲಿಯಸ್ಸಿನಲ್ಲಿ ಕಂದಾಗಿ ನಿಂತಿತು, ಅಂದರೆ ಬಾಯಿ, ಗಂಟಲಿನಂಥ ಕಡೆಯ ಪದರಪದರದ ಹೊದಿಕೆಯ ಕಡೆಗೆ ಬೆರಳು ತೋರಿಸಿತು. ಅದನ್ನು ಹಿಡಿದುಕೊಂಡು ವೈದ್ಯರು ಮತ್ತೆ ದುರ್ಬೀನು ಹಾಕಿ ಹುಡುಕಿದಾಗ ನಾಲಗೆಯ ಬುಡದಲ್ಲಿ, ಬಾಯಿ ತೆರೆದರೆ ಕಾಣದ ಜಾಗದಲ್ಲಿ, ಒಂದು ಚಿಕ್ಕ ಹುಣ್ಣು ಸಿಕ್ಕಿತು. ಲಿಂಫೋಮಾ ಎಂದುಕೊಂಡು ಆ ಔಷಧ ಶುರುಮಾಡಿದ್ದರೆ ಹುಣ್ಣು ಅಲ್ಲೇ ಬೆಳೆಯುತ್ತಿತ್ತು. ಅವರಿಗೆ ರೇಡಿಯೇಷನ್ ಮತ್ತು ಜೊತೆಗೆ ಕೀಮೊ ಆಯಿತು. ಈಗ ಊರಲ್ಲಿದ್ದಾರೆ, ತೋರಿಸಿಕೊಳ್ಳಲು ಬಂದುಹೋಗುತ್ತಾರೆ. ಉಪ್ಪುಖಾರದ ರುಚಿ ಇನ್ನೂ ಪೂರ್ತಿ ಮರಳಿಲ್ಲವಂತೆ. ಕಳೆದ ಸಲ ಬಂದಾಗ ಶೇಂಗಾ ಹಿಂಡಿಯ ಡಬ್ಬಿ ತಂದಿದ್ದರು.

ಕಂದು ಎಂದರೆ ಕ್ಯಾನ್ಸರ್ ಅಲ್ಲ

ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ರಿಪೋರ್ಟಿನಲ್ಲಿ ‘ಕೆರಾಟಿನ್ ಪಾಸಿಟಿವ್’ ಎಂದು ಓದಿ ಕ್ಯಾನ್ಸರ್ ಪಾಸಿಟಿವ್ ಎಂದುಕೊಳ್ಳುತ್ತಾರೆ. ನಿಮ್ಮ ಆರೋಗ್ಯವಂತ ಚರ್ಮದ ಚೂರಿಗೆ ಈ ಬಣ್ಣ ಹಾಕಿದರೂ ಅದು ಕಂದೇ ಆಗುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಪೆಥಾಲಜಿಸ್ಟ್ ಮೊದಲು ಕೋಶಗಳ ರೂಪ, ಜೋಡಣೆ, ಅವು ಇರಬಾರದ ಕಡೆ ಇವೆಯೇ ಎಂಬುದರಿಂದ ನೋಡುತ್ತಾರೆ. ಪ್ರತಿಕಾಯ ಹೇಳುವುದು ಕೋಶ ಯಾವ ಮನೆತನದ್ದು ಎಂದು ಮಾತ್ರ. ಕುತ್ತಿಗೆಯ ಗ್ರಂಥಿಯಲ್ಲಿ ಹೊದಿಕೆ ಕೋಶಕ್ಕೆ ಕೆಲಸವಿಲ್ಲ, ಅದಕ್ಕಾಗಿಯೇ ಅಲ್ಲಿ ಅದು ಸಿಕ್ಕರೆ ಅರ್ಥ ಬರುತ್ತದೆ.

ಒಂದೇ ಪ್ರತಿಕಾಯದ ಮಾತು ಕೇಳಿ ತೀರ್ಪು ಕೊಡುವಂತೆಯೂ ಇಲ್ಲ. ಗ್ರಂಥಿಯ ಒಳಗಿನ ಕೆಲವು ಸಹಜ ಜಾಲಕೋಶಗಳೂ ಕೆರಾಟಿನ್ ಬಣ್ಣ ಹಿಡಿಯುತ್ತವೆ. ಸೈನೋವಿಯಲ್ ಸಾರ್ಕೋಮಾ ಎಂಬ ಸಾರ್ಕೋಮಾ ಕೂಡ ಹಿಡಿಯುತ್ತದೆ. ಎದೆಯಲ್ಲಿ ತುಂಬಿದ ನೀರನ್ನು ತೆಗೆದು ನೋಡುವಾಗ ಇನ್ನೊಂದು ತೊಡಕು. ಅಲ್ಲಿಯ ಸಹಜ ಮೀಸೋಥೀಲಿಯಲ್ ಕೋಶಗಳಲ್ಲೂ ಕೆರಾಟಿನ್ ಇರುವುದರಿಂದ ಅದೊಂದರಿಂದ ಬೇರ್ಪಡಿಸಲಾಗದು. ಆಗ ಹೊದಿಕೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಹುಡುಕುವ ಪ್ರತಿಕಾಯ ಒಂದು ಕಡೆ, ಮೀಸೋಥೀಲಿಯಂ ಗುರುತಾದ ಕ್ಯಾಲ್‌ರೆಟಿನಿನ್ ಇನ್ನೊಂದು ಕಡೆ ಹಾಕಿ ತಾಳೆ ನೋಡುತ್ತಾರೆ. ಮೂಲ ಗೊತ್ತಿಲ್ಲದ ಗಂಟಿಗೆ ಕೆ7, ಕೆ20 ಜೋಡಿ. ಕೆ20 ಇದ್ದು ಕೆ7 ಇಲ್ಲದಿದ್ದರೆ ದೊಡ್ಡ ಕರುಳಿನ ಕಡೆ ಅನುಮಾನ, ಕೆ7 ಇದ್ದು ಕೆ20 ಇಲ್ಲದಿದ್ದರೆ ಸ್ತನ, ಶ್ವಾಸಕೋಶ ಮೊದಲಾದವುಗಳ ಕಡೆ. ಇವೂ ಅನುಮಾನಗಳೇ, ಮುಂದಿನ ಪ್ರತಿಕಾಯ ಯಾವುದೆಂದು ತೋರಿಸುವ ಕೈಕಂಬಗಳು.

ಆದ್ದರಿಂದಲೇ ಪ್ರತಿ ಸಲವೂ ‘ಕಂಟ್ರೋಲ್’ ಇರಬೇಕು. ಖಂಡಿತ ಬಣ್ಣ ಬರಬೇಕಾದ ಒಂದು ತುಂಡು, ಖಂಡಿತ ಬರಬಾರದ ಒಂದು ತುಂಡು, ರೋಗಿಯ ಹಾಳೆಯ ಜೊತೆಜೊತೆಗೆ ಅದೇ ಕುಕ್ಕರಿನಲ್ಲಿ ಬೆಂದು ಅದೇ ಹನಿಯಲ್ಲಿ ನೆನೆಯಬೇಕು. ಬರಬೇಕಾದಲ್ಲಿ ಬರಲಿಲ್ಲವೆಂದರೆ ಅಂದಿನ ಸ್ಲೈಡುಗಳೆಲ್ಲ ಪುನಃ ಮೊದಲಿನಿಂದ. ರಿಪೋರ್ಟ್ ಒಂದು ದಿನ ತಡವಾದರೆ ಅದಕ್ಕೆ ಇಂಥದೇ ಕಾರಣ ಇರಬಹುದು. ನೆಗೆಟಿವ್ ಎಂದು ಬರೆಯುವ ಮುಂಚೆ ನಿಜವಾಗಿಯೂ ಇಲ್ಲವೋ ಅಥವಾ ನಮ್ಮ ಬಣ್ಣ ಕೆಲಸ ಮಾಡಲಿಲ್ಲವೋ ಎಂದು ತಿಳಿಯಲೇಬೇಕಲ್ಲ.

ನೆರೆಮನೆಯಲ್ಲಿ ನಡೆದ ಸಂಶೋಧನೆ

ಕೆರಾಟಿನ್ ಕೇವಲ ಗುರುತೇ, ಅಥವಾ ರೋಗದಲ್ಲಿ ಅದಕ್ಕೂ ಕೈವಾಡವಿದೆಯೇ? ಈ ಪ್ರಶ್ನೆಯ ಮೇಲೆ ಬಹಳ ವರ್ಷ ಕೆಲಸ ನಡೆದದ್ದು ನಮ್ಮ ಖಾರಘರದ ಆ್ಯಕ್ಟ್ರೆಕ್‌ನಲ್ಲೇ. ಅದರ ಬೇರು ಪರೇಲಿನ ದಿನಗಳಲ್ಲಿದೆ. ಮಿಲಿಂದ್ ವೈದ್ಯ, ಪೆಥಾಲಜಿಸ್ಟ್ ಅನಿತಾ ಬೋರ್ಜೆಸ್, ಶಸ್ತ್ರವೈದ್ಯ ಸುಲ್ತಾನ್ ಪ್ರಧಾನ್ ಮೊದಲಾದವರು ಕೆನ್ನೆಯ ಒಳಬದಿಯ ಕ್ಯಾನ್ಸರಿನಲ್ಲಿ ಕೆರಾಟಿನ್‌ಗಳು ಬದಲಾಗುವುದನ್ನು 1989ರಲ್ಲಿ ಪ್ರಕಟಿಸಿದರು. ಗುಟ್ಕಾ, ಸುಣ್ಣ ತಂಬಾಕು ಇಟ್ಟುಕೊಳ್ಳುವುದು ಅದೇ ಜಾಗದಲ್ಲಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕರುಳು, ಗ್ರಂಥಿಗಳಿಗೆ ಸೇರಿದ ಕೆ8 ಮತ್ತು ಕೆ18 ದೊಡ್ಡವರ ಬಾಯಿಯ ಸಹಜ ಹೊದಿಕೆಯಲ್ಲಿ ಇರಬಾರದು. ಆದರೆ ಬಾಯಿ ಕ್ಯಾನ್ಸರಿನಲ್ಲಿ ಅವು ತಲೆ ಎತ್ತುತ್ತವೆ.

ಮುಂದೆ ವೈದ್ಯ ಅವರ ಗುಂಪು ನಾಲಗೆಯ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳಲ್ಲಿ ಕೆ8 ತಯಾರಾಗದಂತೆ ತಡೆದು ನೋಡಿತು. ಜೋಡಿಯಾದ ಕೆ18 ಕೂಡ ಕಡಿಮೆಯಾಯಿತು. ಕೋಶಗಳ ಓಡಾಟ, ನುಗ್ಗುವಿಕೆ, ಗೆಡ್ಡೆ ಕಟ್ಟುವ ಶಕ್ತಿ ಎಲ್ಲ ಕುಗ್ಗಿದವು. ಇದು 2011ರಲ್ಲಿ ಪ್ರಕಟವಾಯಿತು. ಅಂದರೆ ನಾವು ಬರಿಯ ಗುರುತು ಎಂದುಕೊಂಡು ಬಣ್ಣ ಹಾಕುವ ಎಳೆಗೆ ರೋಗದ ನಡೆಯಲ್ಲೂ ಪಾಲಿದೆ. ಇದು ಪ್ರಯೋಗಾಲಯದ ಕೋಶಗಳ ಮಾತು, ಇದರ ಮೇಲೆ ನಿಂತ ಮಾತ್ರೆಯೊಂದು ಅಂಗಡಿಗೆ ಬಂದಿದೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಆದರೂ ಒಂದು ಸಂಗತಿ ನೆನಪಿರಲಿ. ಇಂಥ ಅಧ್ಯಯನಗಳಿಗೆಲ್ಲ ಮೂಲ ಬಂಡವಾಳ ಯಾರೋ ರೋಗಿಗಳು ಕೊಟ್ಟ ತುಂಡುಗಳು.

ಫೈಲಿನಲ್ಲಿ ಏನಿರಬೇಕು

ಊರಿನವರಿಗೆ ನೀವು ಫೋನಿನಲ್ಲಿ ಹೇಳಬೇಕಾದ ಮಾತುಗಳು ಇವು. ಬಯಾಪ್ಸಿ ತುಂಡನ್ನು ಹೊತ್ತು ಲ್ಯಾಬಿಗೆ ಓಡುವ ಕೆಲಸ ನಮ್ಮಲ್ಲಿ ಮನೆಯವರ ಪಾಲಿಗೇ ಬರುವುದುಂಟು. ಡಬ್ಬಿಯಲ್ಲಿರುವುದು ಫಾರ್ಮಲಿನ್ ಹೌದೇ ಎಂದು ಕೇಳಿ. ಸಲೈನ್ ಅಥವಾ ಬರಿಯ ನೀರಿನಲ್ಲಿಟ್ಟರೆ ತುಂಡು ಒಳಗೊಳಗೇ ಹಾಳಾಗುತ್ತದೆ, ಆಮೇಲೆ ಯಾವ ಪ್ರತಿಕಾಯವೂ ನೆಟ್ಟಗೆ ಉತ್ತರ ಕೊಡದು. ದ್ರವ ತುಂಡಿನ ಹತ್ತುಪಟ್ಟು ಇರಬೇಕು, ಡಬ್ಬಿಯ ಮೇಲೆ ಹೆಸರು, ತುಂಡು ತೆಗೆದ ಜಾಗ, ಹೊತ್ತು ಬರೆದಿರಬೇಕು. ಸ್ತನದ ತುಂಡಾದರೆ ಫಾರ್ಮಲಿನ್‌ನಲ್ಲಿ ಆರು ತಾಸಿಗಿಂತ ಕಡಿಮೆಯೂ ಬೇಡ, 72 ತಾಸಿಗಿಂತ ಹೆಚ್ಚೂ ಬೇಡ. ಹಾರ್ಮೋನ್ ಮಾತ್ರೆ ಕೊಡಬೇಕೇ ಬೇಡವೇ ಎಂದು ತಿಳಿಸುವ ಟೆಸ್ಟ್ ಕೂಡ ಇದೇ ವಿಧಾನದ್ದು.

ದೊಡ್ಡ ಊರಿಗೆ ಹೊರಡುವ ಮುಂಚೆ ರಿಪೋರ್ಟಿನ ಜೊತೆ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ಅರ್ಜಿ ಬರೆದುಕೊಟ್ಟು, ಸಹಿ ಹಾಕಿ, ಬ್ಲಾಕಿನ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಇಲ್ಲಿ ಕೊಟ್ಟ ಮೇಲೆ ರಸೀದಿ ತೆಗೆದುಕೊಳ್ಳಿ, ಕೆಲಸ ಮುಗಿದ ಮೇಲೆ ಬ್ಲಾಕನ್ನು ವಾಪಸ್ ಕೇಳಿ. ಅದರಲ್ಲಿ ತುಂಡು ಉಳಿದಿದ್ದರೆ ವರ್ಷಗಳ ನಂತರವೂ ಹೊಸ ಟೆಸ್ಟ್ ಮಾಡಬಹುದು, ಮತ್ತೆ ಸೂಜಿ ಚುಚ್ಚುವುದು ತಪ್ಪುತ್ತದೆ. ಯಾವ ಪ್ರತಿಕಾಯಗಳು, ಒಂದೊಂದಕ್ಕೆ ಎಷ್ಟು ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ, ಬಹಳ ಕಡೆ ಪ್ರತಿಯೊಂದಕ್ಕೂ ಬೇರೆ ಬೇರೆ ದುಡ್ಡು.

ಇನ್ನೊಂದು ಮಾತು, ಬೇಸಿಗೆಯಲ್ಲಿ ಬರುವವರಿಗೆ. ಮೇಣ ಕರಗುವುದು ಸುಮಾರು 56ರಿಂದ 60 ಡಿಗ್ರಿಗೆ. ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುವುದು ಕಷ್ಟವೇನಲ್ಲ. ಬ್ಲಾಕನ್ನು ಒಂದು ಗಟ್ಟಿ ಡಬ್ಬಿಯಲ್ಲಿಟ್ಟು, ಹತ್ತಿಯ ಬಟ್ಟೆ ಸುತ್ತಿ, ಕೈಚೀಲದಲ್ಲಿ, ರೊಟ್ಟಿ ಬುತ್ತಿಯ ಪಕ್ಕದಲ್ಲಿ ಅಲ್ಲದಿದ್ದರೂ ಅಷ್ಟೇ ಜೋಪಾನವಾಗಿ ತನ್ನಿ. ಬಿಸಿ ಟೀ ಫ್ಲಾಸ್ಕಿಗೆ ತಾಗಿಸಿ ಮಾತ್ರ ಇಡಬೇಡಿ.